ಸತ್ತ ಕೊಂಬೆಯ ಉಪಚಾರ

ಸುಮ್ಮನಿರುವುದು ನನ್ನ ಕೈಗಳಿಗೆ ಗೊತ್ತಿಲ್ಲ. ಸರಿಯಾಗಿ ನಡೆಯುವ ಗಡಿಯಾರ ಕಂಡರೂ ಬಿಚ್ಚಿ ನೋಡೋಣ ಅನ್ನಿಸುತ್ತದೆ. ಹಾಗೆ ಬಿಚ್ಚಿದ ಎರಡು ಗಡಿಯಾರ, ಒಂದು ರೇಡಿಯೋ ಅಟ್ಟದ ಮೇಲಿವೆ. ಆದ್ದರಿಂದ ಎಂಬತ್ತರ ದಶಕದಲ್ಲಿ, ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆಗಿದ್ದಾಗ, ನಾನು ಬೋನ್ಸಾಯ್ ಬೆಳೆಸುತ್ತೇನೆಂದು ಒಂದು ಜುನಿಪರ್ ಗಿಡ ತಂದಾಗ ನನ್ನ ಹೆಂಡತಿ ಲಲಿತಾ ಸಂತೋಷಪಟ್ಟಳು. ಗಿಡಕ್ಕೆ ಸ್ಕ್ರೂ ಇರುವುದಿಲ್ಲವಲ್ಲ ಎನ್ನುವುದು ಅವಳ ಧೈರ್ಯ.

ಕಾರ್ಖಾನೆಯ ಗೆಳೆಯ ಸದಾಶಿವ ಜಪಾನಿಗೆ ತರಬೇತಿಗೆ ಹೋಗಿದ್ದವನು, ಅಲ್ಲಿಂದ ತಂದ ಚಿತ್ರಪುಸ್ತಕವೊಂದನ್ನು ನನಗೆ ಓದಲು ಕೊಟ್ಟ. ಅದರಲ್ಲಿನ ಪ್ರತಿ ಪುಟ್ಟ ಮರಕ್ಕೂ ಮೂಳೆಯಂತೆ ಬೆಳ್ಳಗಿರುವ ಒಂದೊಂದು ಒಣಕೊಂಬೆ. ಬೆಟ್ಟದ ತುದಿಯಲ್ಲಿ ಗಾಳಿ, ಸಿಡಿಲು ತಿಂದು ಬದುಕಿದ ಹಳೆಯ ಮರದ ಗತ್ತು ಅದರಿಂದ ಬರುತ್ತದಂತೆ. ನನ್ನ ಗಿಡಕ್ಕೆ ಸಿಡಿಲು ಹೊಡೆಯುವ ತನಕ ಕಾಯುವ ವ್ಯವಧಾನ ನನಗಿರಲಿಲ್ಲ. ಒಂದು ಭಾನುವಾರ ಕಟಿಂಗ್ ಪ್ಲೇಯರ್ ಹಿಡಿದು ಕೂತು, ಚೆನ್ನಾಗಿದ್ದ ಕೊಂಬೆಯೊಂದರ ತೊಗಟೆ ಸುಲಿದು, ತುದಿಯ ನಾರನ್ನು ಎಳೆದೆಳೆದು ಸೀಳಿದೆ. ತಿಂಗಳೆರಡು ತಿಂಗಳಲ್ಲಿ ಅದು ಒಣಗಿತು.

ಒಣಗಿದ್ದು ಕೊಳೆಯದೆ ಬೆಳ್ಳಗೆ ಉಳಿಯಬೇಕಾದರೆ ಸುಣ್ಣ ಗಂಧಕ ಸೇರಿಸಿ ಕುದಿಸಿದ ನೀರನ್ನು ಬಳಿಯಬೇಕಿತ್ತು. ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ, ಒಂದು ಹಳೆಯ ಡಬ್ಬದಲ್ಲಿ ಕುದಿಸಿದೆ. ಅದರ ವಾಸನೆಯ ಬಗ್ಗೆ ಮಾತ್ರ ಪುಸ್ತಕದ ಚಿತ್ರಗಳು ಏನನ್ನೂ ಹೇಳಿರಲಿಲ್ಲ. ನೂರು ಕೊಳೆತ ಮೊಟ್ಟೆಗಳನ್ನು ಒಟ್ಟಿಗೇ ಒಡೆದಂತಿತ್ತು. ಬೇರಿಗೆ ಅದು ತೊಟ್ಟಿಕ್ಕದಿರಲೆಂದು ಕುಂಡದ ಬಾಯಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟಿ, ಒಂದು ವಾರ ಬೆಳಿಗ್ಗೆ ಸಂಜೆ ಬ್ರಷ್ಷಿನಲ್ಲಿ ಭಕ್ತಿಯಿಂದ ಬಳಿದೆ.

ಮನೆಯ ಮಾಲೀಕ ಮುನಿಶಾಮಪ್ಪನವರು ಆ ವಾರ ಆನೇಕಲ್ಲಿನ ಮಗಳ ಮನೆಗೆ ಹೋಗಿದ್ದರು. ಅವರ ಹೆಂಡತಿ ಅಕ್ಕಯ್ಯಮ್ಮ ಮೂಗಿಗೆ ಸೆರಗು ಹಿಡಿದು ಬಂದು, ಮೋರಿ ಕಟ್ಟಿಕೊಂಡಿದೆ, ಇಂಥ ನಾತದಲ್ಲಿ ಊಟ ಸೇರುವುದಿಲ್ಲ ಎಂದರು. ನಿಜ ಹೇಳಿದರೆ ಮನೆ ಖಾಲಿ ಮಾಡಿಸಿಯಾರೆಂಬ ಭಯ ನನಗೆ. ಮೋರಿಯೇ ಇರಬೇಕು, ನಾನೇ ನೋಡುತ್ತೇನೆ ಎಂದುಬಿಟ್ಟೆ. ಶನಿವಾರ, ಭಾನುವಾರ ಎರಡೂ ದಿನ ಲುಂಗಿ ಎತ್ತಿಕಟ್ಟಿ, ಸನಿಕೆ ಹಿಡಿದು, ಯಾವ ತಪ್ಪೂ ಮಾಡದ ಆ ಮೋರಿಯನ್ನು ಹಿತ್ತಲಿನಿಂದ ರಸ್ತೆಯ ತನಕ ಬಗೆದೆ. ಲಲಿತಾ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ನೋಡಿದಳು. ಅಕ್ಕಯ್ಯಮ್ಮನವರು ಎರಡು ಸಲ ಕಾಫಿ ಕಳಿಸಿದರು. ಕುಡಿದು ಇನ್ನಷ್ಟು ಜೋರಾಗಿ ಬಗೆದೆ.

ಭಾನುವಾರ ಸಂಜೆ ಮುನಿಶಾಮಪ್ಪ ಬಂದರು. ಅರ್ಧ ಎಕರೆ ದ್ರಾಕ್ಷಿ ಚಪ್ಪರ ಇಟ್ಟಿದ್ದ ಮನುಷ್ಯ. ಗೇಟಿನ ಹತ್ತಿರ ನಿಂತು ಒಮ್ಮೆ ಮೂಗೆಳೆದರು, ನೇರ ನನ್ನ ಗಿಡದ ಕಡೆ ನಡೆದರು.

"ಇದು ಮೋರಿ ನಾತ ಅಲ್ಲ ಸಾರ್. ದ್ರಾಕ್ಸಿ ಬಳ್ಳಿಗೆ ಬೂದಿರೋಗ ಬಂದ್ರೆ ನಾವೂ ಇದ್ನೇ ಒಡೀತೀವಿ."

ನಾನು ಕೆಸರುಗಾಲಿನಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೆಳ್ಳಗಾಗಿದ್ದ ಕೊಂಬೆಯನ್ನು ಉಗುರಿನಿಂದ ತಟ್ಟಿ, ಕೆಲಸ ಚೆನ್ನಾಗಿದೆ ಎಂದೇ ಹೇಳಿದರು. ಆಮೇಲೆ ಬಣ್ಣಗೆಟ್ಟಿದ್ದ ಹಸಿರು ತುದಿಗಳನ್ನು ಮುಟ್ಟಿ, ಪ್ಲಾಸ್ಟಿಕ್ ಎತ್ತಿ, ಮಣ್ಣಿಗೆ ಬೆರಳು ಚುಚ್ಚಿದರು. ಬೆರಳು ಇಳಿಯಲಿಲ್ಲ. ಕಟ್ಟಿದ ಪ್ಲಾಸ್ಟಿಕ್ಕನ್ನು ನಾನು ಒಂದು ದಿನವೂ ಬಿಚ್ಚಿರಲಿಲ್ಲ.

"ಸತ್ತಿದ್ದಕ್ಕೆ ಇಷ್ಟೊಂದು ಉಪಚಾರ ಮಾಡಿದೀರ. ಬದುಕಿರೋದಕ್ಕೂ ಒಂದ್ ಚೊಂಬು ನೀರಾಕಿ ಸಾರ್," ಎಂದರು.

ನೀರು ತರಲು ತಿರುಗಿದರೆ ಲಲಿತಾ ಆಗಲೇ ಚೊಂಬು ಹಿಡಿದು ಬಂದಿದ್ದಳು. ಗಿಡ ಉಳಿಯಿತು. ಅಂದಿನಿಂದ ನೀರಿನ ಖಾತೆ ಅವಳದು. ಮನೆಗೆ ಬಂದವರು ಆ ಬಿಳಿ ಕೊಂಬೆಯನ್ನು ಹೊಗಳಿದಾಗಲೆಲ್ಲ ನಾನು ಎದೆಯುಬ್ಬಿಸಿ ಸುಣ್ಣ ಗಂಧಕದ ವಿಚಾರ ಶುರುಮಾಡುತ್ತೇನೆ. ಯಾರಾದರೂ ಹಸಿರು ಎಷ್ಟು ಸೊಂಪಾಗಿದೆ ಎಂದರೆ ಮಾತ್ರ ಒಳಗಿನಿಂದ ಒಂದು ಸಣ್ಣ ಕೆಮ್ಮು ಕೇಳುತ್ತದೆ, ನಾನು ಮಾತು ಬದಲಿಸುತ್ತೇನೆ.