ಅಜ್ಜನ ಹಗೇವಿಗೆ ಮಳೆನೀರು

ಚಿಂತೆ ಮಾಡುವುದರಲ್ಲಿ ಬೈಲಹೊಂಗಲದಲ್ಲಿ ನನ್ನನ್ನು ಮೀರಿಸುವವರಿಲ್ಲ. ಈ ಮಳೆನೀರಿನ ಟ್ಯಾಂಕಿಗೆ ನೀರು ಬರುವ ವಿಷಯದಲ್ಲಿ ಮಾತ್ರ ನಿಶ್ಚಿಂತನಾಗಿದ್ದೆ. ಕೆಟ್ಟದ್ದೇ ಅಲ್ಲಿ!

ಮನೆ ಪಕ್ಕದ ಖಾಲಿ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿಸಿ, ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದೆ. ಹಿಂದೆ ಮಳೆ ಕುಡಿಯುತ್ತಿದ್ದ ಎರೆಮಣ್ಣು ಬಾಯಿ ಮುಚ್ಚಿಕೊಂಡಿತು. ನೀರೆಲ್ಲ ಇಳಿಜಾರಿಗೆ ಓಡಿ ಮೌಲಾಸಾಬನ ಗಾದಿ ಅಂಗಡಿಗೆ ನುಗ್ಗಿತು.

"ಸಾವಕಾರ್ರ, ಸಂಪಗಾಂವದ ಲಗ್ನಕ್ಕ ಗಾದಿ ಹೊಲ್ಯಾಕ ಹತ್ತೇನಿ. ಇನ್ನೊಮ್ಮೆ ನೀರು ಬಂದ್ರ ಮದಿಮಕ್ಕಳ್ನ ನಿಮ್ಮ ಮನ್ಯಾಗ ಮಲಗಸ್ತೇನಿ ನೋಡ್ರಿ!"

ಮಳಿಗೆಗೆ ಪರವಾನಿಗೆ ಕೊಡುವ ಪುರಸಭೆಯ ಇಂಜಿನಿಯರ್ ಸಾಹೇಬರೂ ಅದನ್ನೇ ಹಿಡಿದರು. "ನೆಲದಾಗ ಟ್ಯಾಂಕ್ ಮಾಡಿ ಮಳಿನೀರು ಹಿಡೀರಿ. ಆಮ್ಯಾಲೆ ಮಳಿಗಿ ಬಾಗಲಾ ತಗೀರಿ."

ನೆಲದಡಿಯ ಟ್ಯಾಂಕೇ? ನಮ್ಮಲ್ಲಿ ಇದ್ದೇ ಇದೆಯಲ್ಲ! ಅಂಗಳದ ಮೂಲೆಯಲ್ಲಿ, ಜೋಳ ತುಂಬಿಡಲು ಅಜ್ಜ ತೋಡಿಸಿದ ಕಲ್ಲುಕಟ್ಟಡದ ಹಗೇವು. ಪ್ಲಾಸ್ಟರ್ ಮಾಡಿಸಿದೆ, ಪೈಪು ಜೋಡಿಸಿದೆ, ಕಬ್ಬಿಣದ ಮುಚ್ಚಳ ಹಾಕಿಸಿದೆ. ಓಣಿಗೆಲ್ಲ ಪೇಡೆ ಹಂಚಿ, "ಪೂರ್ವಜರ ಜಾಣತನಕ್ಕೆ ವಿಜ್ಞಾನ ತಲೆಬಾಗಲಿದೆ" ಎಂದು ಭಾಷಣ ಬಿಗಿದೆ. ಮರುದಿನ ಚಿಂತೆಯ ಹಳೆಯ ಚಟ ಮರುಕಳಿಸಿತು. ಟ್ಯಾಂಕು ತುಂಬಿ ಹರಿದರೆ? ಸುತ್ತಲಿನ ಕಟ್ಟೆಯನ್ನು ಇನ್ನಷ್ಟು ಎತ್ತರಿಸಿದೆ!

ಮಳೆ ಬಂತು. ಕೊಡೆ ಹಿಡಿದು ಸ್ವಾಗತಕ್ಕೆ ನಿಂತೆ. ನೀರು ನನ್ನ ಪೈಪಿನತ್ತ ತಿರುಗಿಯೂ ನೋಡದೆ ಗಾದಿ ಅಂಗಡಿಗೆ ನಡೆಯಿತು.

ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತು ನಕ್ಕಳು. "ಜ್ವಾಳ ನೆನೀಬಾರ್ದಂತ ನಿಮ್ಮಜ್ಜ ನೀರು ಏರಲಾರದ ದಿಬ್ಬ ನೋಡಿ ಹಗೇವು ತೋಡಿಸಿದ್ರು. ನೀವು ಅಲ್ಲಿಗೇ ನೀರು ಬಾ ಅಂತ ಪೇಡೆ ಹಂಚಿದ್ರಿ!"

"ಮೊದಲ ಯಾಕ ಹೇಳ್ಲಿಲ್ಲ?"

"ಭಾಷಣ ನಡದಿತ್ತಲ್ರೀ."

ಸೋಲೊಪ್ಪುವ ಬುದ್ಧಿ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಪಂಪು ತಂದೆ. ಕೆಳಗಿನ ನೀರನ್ನು ಮೇಲೆತ್ತಿ ಹಗೇವಿಗೆ ಸುರಿಯುವ ಭವ್ಯ ಯೋಜನೆ! ಮುಂದಿನ ಮಳೆಯ ಮೊದಲ ಹನಿಗೇ ಕರೆಂಟು ಹೋಯಿತು. ಅದು ಹೋಗುತ್ತದೆಂದು ಓಣಿಯ ನಾಯಿಗೂ ಗೊತ್ತಿತ್ತು.

ಮೌಲಾಸಾಬ ತಾಡಪತ್ರಿ ಹೊದಿಸಿದ ಗಾದಿ ಹೊತ್ತು ಓಡಿಬಂದ. "ಅಕ್ಕಾರ, ಒಣಾ ಜಾಗಾ ಎಲ್ಲರ ಐತೇನ್ರಿ?"

ಗಂಗವ್ವ ಗದ್ದದಿಂದ ನನ್ನ ಟ್ಯಾಂಕು ತೋರಿಸಿದಳು. "ಅದರಾಗ ಇಡ್ರಿ ಅಣ್ಣಾ. ನಮ್ಮನಿಯವರು ಕಟ್ಟಿಸ್ಯಾರ, ಹನಿ ನೀರು ಬರಂಗಿಲ್ಲ!"

ಮರುದಿನ ಇಂಜಿನಿಯರ್ ಸಾಹೇಬರು ತಪಾಸಣೆಗೆ ಬಂದು ಟ್ಯಾಂಕಿನೊಳಕ್ಕೆ ಇಣುಕಿದರು. ಒಳಗೆ ಗಾದಿಗಳ ಮೇಲೆ ಕುಳಿತು ಮೌಲಾಸಾಬ ಹೊಲಿಯುತ್ತಿದ್ದ.

"ಇದರಾಗ ನೀರು ಎಲ್ಲೈತ್ರಿ?"

"ನೀರು ಬರೂ ಹಂಗಿದ್ರ ನಾ ಯಾಕ ಇಲ್ಲಿ ಕುಂಡರ್ತಿದ್ನ್ರಿ ಸಾಹೇಬ್ರ?"

ಪರವಾನಿಗೆ ಸಿಗಲಿಲ್ಲ. ಗಾದಿಗಳು ಮಾತ್ರ ಬೆಚ್ಚಗೆ ಸಂಪಗಾಂವ ಸೇರಿದವು. ಅಂಗಡಿಯ ಉಳಿದ ಮಾಲೂ ಈಗ ಹಗೇವಿನಲ್ಲೇ ಇದೆ. ಮೋಡ ಕವಿದರೆ ಸಾಕು, ನನಗೆ ಹೊಸ ಚಿಂತೆ: ಅಕಸ್ಮಾತ್ ನನ್ನ ಮಳೆನೀರಿನ ಟ್ಯಾಂಕಿಗೆ ಮಳೆನೀರು ನುಗ್ಗಿಬಿಟ್ಟರೆ!