ಬಸವನಹುಳುವಿಗೆ ಮುದ್ದೆ ಇಟ್ಟ ದಸರಾ

ಕೆ.ಆರ್.ಎಸ್. ಹಿನ್ನೀರಿನಲ್ಲಿ ಮೊಸಳೆ ಹಿಡಿದು ಮನೆಗೆ ತಂದು, ಕೈಯಾರೆ ಮುದ್ದೆ ತಿನ್ನಿಸಿ ಸಾಕಿದವನು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನಾನೊಬ್ಬನೇ. ಸುಳ್ಳು. ಮೊಸಳೆಯಲ್ಲ, ಬಸವನಹುಳು. ನಾನು ಹಿಡಿದದ್ದೂ ಅಲ್ಲ, ಬೇರೆಯವರದ್ದು. ಸಾಕಿದೆ ಅನ್ನುವ ಮಾತನ್ನಂತೂ ನಾನು ಎತ್ತಲೇಬಾರದು. ಮುದ್ದೆ ಇಟ್ಟದ್ದೊಂದು ಮಾತ್ರ ನಿಜ. ಎಲ್ಲ ಅನಾಹುತವೂ ಅಲ್ಲಿಂದಲೇ ಶುರು.

ಇಂಥವು ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ. ಪಾಂಡವಪುರದಲ್ಲಿ ನನ್ನದು ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ. ಬೆಳಗಿನಿಂದ ತಂತಿ ಸುತ್ತುವುದು, ನಡುನಡುವೆ ಬಂದವರ ತಲೆ ಸುತ್ತಿಸುವುದು. ನಾಲ್ಕು ತಾಲ್ಲೂಕಿನ ರೈತರಲ್ಲಿ ನನ್ನ ಕೀಟಲೆಗೆ ಸಿಕ್ಕದವರು ಕಮ್ಮಿ. ಎಲ್ಲರೂ ಬೈದು ನಕ್ಕು ಮರೆತಿದ್ದಾರೆ. ಈ ತೊಂಬತ್ತರ ದಶಕದ ಹುಳದ ವಿಷಯವನ್ನು ಮಾತ್ರ ನಾನೇ ಮರೆಯಲಾರದೆ ಈ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೇನೆ.

ಸೌತೆಕಾಯಿಯ ಚಿತ್ರ

ಹುಳ ನಮ್ಮೂರಿನ ಡ್ರಾಯಿಂಗ್ ಮೇಷ್ಟ್ರದ್ದು. ಅವನೂ ನಾನೂ ಕೆ.ಆರ್. ಪೇಟೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹಾಗಾಗಿ ಊರಿಗೆಲ್ಲ ಮೇಷ್ಟ್ರು, ನನಗೆ ಬರೀ 'ಲೇ'.

ಮೈಸೂರಿನಿಂದ ಒಂದು ಗಾಜಿನ ತೊಟ್ಟಿ ತಂದು ಆರು ಬಣ್ಣದ ಮೀನು ಬಿಟ್ಟಿದ್ದ. ಮೀನುಗಳು ತಿಂಗಳೊಳಗೆ ಒಂದೊಂದಾಗಿ ಹೊರಟುಹೋದವು. ಅಂಗಡಿಯವನು ಅವುಗಳ ಜೊತೆ ಪುಕ್ಕಟೆ ಕೊಟ್ಟಿದ್ದ ಬಸವನಹುಳು ಮಾತ್ರ ಉಳಿಯಿತು. ಗೆಳೆಯ ಸಂಜೆ ಸ್ಕೂಲಿನಿಂದ ಬಂದವನೇ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದ. ಹುಳ ಗಾಜಿನ ಈ ಮೂಲೆಯಿಂದ ಆ ಮೂಲೆಗೆ ಹೋಗುವಷ್ಟರಲ್ಲಿ ಎರಡು ಲೋಟ ಕಾಫಿ ಮುಗಿಯುತ್ತಿತ್ತು. "ದಿನಾ ನಲವತ್ತು ಹೈಕಳು ಕೂಗಾಡೋದು ಕೇಳ್ತೀನಿ ಕಣ್ಲಾ. ಇದು ಒಂದು ಮಾತಾಡಕಿಲ್ಲ ನೋಡು" ಅನ್ನುತ್ತಿದ್ದ.

ಆ ವರ್ಷ ದಸರಾ ರಜಕ್ಕೆ ಗಂಡ ಹೆಂಡತಿ ಧರ್ಮಸ್ಥಳ, ಉಡುಪಿ, ಗೋಕರ್ಣ ಅಂತ ಹತ್ತು ದಿನ ಹೊರಟರು. ಮನೆ ಕೀ ನನ್ನ ಕೈಗೆ ಬಂತು. ಅವನ ಹೆಂಡತಿ ನಾಗಮಂಗಲದವಳು. ನನ್ನೆದುರೇ ಅಂದಳು: "ಹೋಗಿ ಹೋಗಿ ಈ ಅಣ್ಣನ ಕೈಗಾ ಕೀ ಕೊಡ್ತಿರಾದು?"

ಅವಳಿಗೆ ಹೇಳಲು ಕಾರಣವಿತ್ತು. ಇವನು ಹೆಣ್ಣು ನೋಡಲು ಹೋಗುವ ಹಿಂದಿನ ದಿನ ನಾನು ನಾಗಮಂಗಲಕ್ಕೆ ಹೋಗಿ, ಹುಡುಗನಿಗೆ ಎರಡು ಕಿವಿಯೂ ಸ್ವಲ್ಪ ಮಂದ ಅಂತ ಅವರ ಮನೆಯಲ್ಲಿ ಹೇಳಿ ಬಂದಿದ್ದೆ. ಮಾರನೆಯ ದಿನ ಮನೆಯವರೆಲ್ಲ ಅವನ ಹತ್ತಿರ ಕೂಗಿ ಮಾತಾಡಿದರು. ಈ ಮನೆಯವರಿಗೇ ಕಿವಿ ಕೇಳುವುದಿಲ್ಲ ಅಂದುಕೊಂಡು ಇವನೂ ಕೂಗಿದ. ಬೀದಿಯವರು ಜಗಳ ಬಿಡಿಸಲು ಬಂದರು.

ಗೆಳೆಯ ಹೆಂಡತಿಗೆ ಹೇಳಿದ: "ಇವ ಆಟ ಆಡೋದೆಲ್ಲ ಮನುಸ್ರ ಮೇಲೆ ಕಣೇ. ಬಾಯಿಲ್ಲದ ಜೀವದ ಮೇಲೆ ಆಡಾಕಿಲ್ಲ. ನಂಗೊತ್ತು."

ಆ ಮಾತು ಈಗಲೂ ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡು ಕೂತಿದೆ.

ಎರಡು ದಿನಕ್ಕೆ ಒಂದು ಬಿಲ್ಲೆ ಸೌತೆಕಾಯಿ, ಅಷ್ಟೇ ಅಂದ. ಬಾಯಿಮಾತು ಸಾಲದೆಂದು ಡ್ರಾಯಿಂಗ್ ಹಾಳೆಯ ಮೇಲೆ ಬಿಲ್ಲೆ ಎಷ್ಟು ಅಗಲ, ಎಷ್ಟು ದಪ್ಪ ಅಂತ ಚಿತ್ರ ಬರೆದು ಬಣ್ಣ ತುಂಬಿ ಗೋಡೆಗೆ ಅಂಟಿಸಿದ. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಮೊದಲು ತಿಂದದ್ದು ಹುಳವಲ್ಲ, ಜಿರಳೆ.

ಸಾರು ಸಾಲದು

ಎರಡನೆಯ ದಿನ ನಮ್ಮವ್ವ ಹುಳ ನೋಡಲು ಬಂದಳು. ಸೌತೆಕಾಯಿಯ ಚಿತ್ರ ನೋಡಿ ಕೆನ್ನೆಗೆ ಕೈಯಿಟ್ಟಳು.

"ದಿನಾ ಬುಟ್ಟು ದಿನ ಇಷ್ಟೇಯಾ? ವಾರದ ಒಪ್ಪತ್ತು ಮಾಡೋರೂ ಇದುಕ್ಕಿಂತ ಉಣ್ತಾರೆ."

"ಅವ್ವ, ಅಷ್ಟೇ ಅಂತೆ ಅದುಕ್ಕೆ."

"ಸುಮ್ನಿರ್ಲಾ. ಯಜಮಾನ್ರು ಊರಲ್ಲಿಲ್ದಾಗ ನಮ್ಮುನ್ನ ನಂಬ್ಕಂಡಿರೋ ಜೀವ. ಅರೆಹೊಟ್ಟೇಲಿ ಮಡುಗಿದ್ರೆ ಯಾರ್ಗೆ ಪಾಪ?"

ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದೇ "ಉಂಡ್ರಾ" ಅಂತ. ಆ ಪ್ರಶ್ನೆಗೆ ಉತ್ತರ ಕೊಡಲಾಗದ ಪ್ರಾಣಿ ಸಿಕ್ಕರೆ ಅದರ ಗತಿ ಮುಗಿಯಿತು. ಅವ್ವ ಗೋಲಿಯಷ್ಟು ರಾಗಿಮುದ್ದೆ ತಂದು ನೀರಿಗೆ ಬಿಟ್ಟಳು. ಅವ್ವ ಹಾಕಿದ್ದು ಗೊತ್ತಿಲ್ಲದೆ ನನ್ನ ಹೆಂಡತಿ ಒಂದು ಹಾಕಿದಳು. ಎದುರುಮನೆ ಅಜ್ಜಿ ಕಿಟಕಿಯಿಂದ ಎರಡು ಎಸೆದರು. ನಾನು ತಡೆಯಬೇಕಿತ್ತು. ತಡೆಯುವುದಿರಲಿ, ನೋಡೋಣ ನುಂಗುತ್ತೋ ಅಗಿಯುತ್ತೋ ಅಂತ ನಾನೂ ಒಂದು ಬಿಟ್ಟೆ.

ಬೆಳಗ್ಗೆ ಹೋಗಿ ನೋಡಿದರೆ ತೊಟ್ಟಿಯ ತುಂಬ ಅಂಬಲಿ. ಗಾಜಿನೊಳಗೆ ಏನೂ ಕಾಣುವುದಿಲ್ಲ. ಎಲ್ಲೋ ಮೇಲುಗಡೆ ಎರಡು ಕೊಂಬು ಅಲ್ಲಾಡಿದ ಹಾಗಾಯಿತು. ಅವ್ವ ಬಗ್ಗಿ ದಿಟ್ಟಿಸಿ ನೋಡಿ ತೀರ್ಪು ಕೊಟ್ಟಳು: "ಎಂಗ್ ಉಣ್ತದ್ಲಾ ಪಾಪ? ಸಾರು ಸಾಲ್ದಾಗದೆ."

ಯಂತ್ರಕ್ಕೆ ರಜ

ನೀರು ಬದಲಾಯಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾಳೆ ಬದಲಾಯಿಸಿದರಾಯಿತು ಅಂದುಕೊಂಡೆ. ನಾಳೆ ಆಯುಧಪೂಜೆ.

ನಮ್ಮದು ಆಚಾರಿಗಳ ಮನೆ. ತಾತ ಕುಲುಮೆ ಊದಿದವರು, ಅಪ್ಪ ಗಾಡಿಗೆ ಕಬ್ಬಿಣದ ಪಟ್ಟಿ ಹಾಕಿದವರು, ನಾನು ಮೋಟರಿಗೆ ಬಂದೆ. ಆಯುಧಪೂಜೆಯ ದಿನ ಉಳಿ, ಸುತ್ತಿಗೆ, ಯಂತ್ರ ಎಲ್ಲಕ್ಕೂ ಕುಂಕುಮವಿಟ್ಟು ಕೈಮುಗಿದು ಸುಮ್ಮನೆ ಕೂರಿಸಬೇಕು. ದುಡಿಸುವಂತಿಲ್ಲ. ಅಪ್ಪ ವಿಭೂತಿ ತಟ್ಟೆ ಹಿಡಿದು ಅಂಗಡಿಯ ಪೂಜೆ ಮುಗಿಸಿ, ಹುಳ ನೋಡುತ್ತೇನೆಂದು ನನ್ನ ಹಿಂದೆಯೇ ಮೇಷ್ಟ್ರ ಮನೆಗೆ ಬಂದರು. ಒಳಗೆ ಗುರ್ ಅಂತ ಸದ್ದು. ತೊಟ್ಟಿಗೆ ಗಾಳಿ ಬಿಡುವ ಬೆಂಕಿಪೊಟ್ಟಣದಷ್ಟು ಮೋಟರು.

"ಲೇ, ಇದ್ಯಾಕ್ಲಾ ಇವತ್ತು ದುಡೀತಾ ಅದೆ?"

"ಅಪ್ಪಾ, ಅದ ನಿಲ್ಸಂಗಿಲ್ಲ. ನೀರು ಕೆಡ್ತದೆ."

"ಊರ್ ರೈಸ್‌ಮಿಲ್ಲೇ ನಿಂತದೆ. ಇದೇನ್ಲಾ ಅದುಕ್ಕಿಂತ ದೊಡ್ದಾ?"

ಪ್ಲಗ್ಗು ಕಿತ್ತರು. ಮೋಟರಿಗೆ ಮೂರು ಪಟ್ಟೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ಸುಟ್ಟ ಮೋಟರಿನಿಂದಲೇ ಅನ್ನ ತಿನ್ನುವ ನಾನು ಬಾಯಿಮುಚ್ಚಿಕೊಂಡು ನಿಂತೆ. ಒಂದು ದಿನ ತಾನೆ, ವಿಜಯದಶಮಿ ಬೆಳಗ್ಗೆ ಹಾಕಿದರಾಯಿತು ಅಂತ.

ವಿಜಯದಶಮಿ ದಿನ ಶ್ರೀರಂಗಪಟ್ಟಣದ ಅಕ್ಕನ ಮನೆಗೆ ಬನ್ನಿ ಕೊಡಲು ಹೋದವನು ಎರಡು ದಿನ ಅಲ್ಲೇ ಇಸ್ಪೀಟಿಗೆ ಕೂತೆ. ಪ್ಲಗ್ಗು ನೆನಪಾದದ್ದು ಬಸ್ಸಿನಲ್ಲಿ, ವಾಪಸು ಬರುವಾಗ. ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವ ವಾಸನೆ. ಹುಳ ತಳದಲ್ಲಿ ಬಿದ್ದಿತ್ತು, ಚಿಪ್ಪಿನ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿಕೊಂಡು. ಅಪ್ಪನನ್ನು ಕರೆದು ತೋರಿಸಿದೆ. ಅವರು ನೋಡಿ ಸಮಾಧಾನದಿಂದ ತಲೆಯಾಡಿಸಿದರು: "ನೋಡ್ದಾ, ಅದೂ ರಜ ತಗಂಡದೆ."

ಅಂಗಡಿಗೆ ಬಂದ ಫೋನು

ಸತ್ತೇಹೋಗಿದೆ ಅಂತ ನಾನು ತೀರ್ಮಾನ ಮಾಡಿದೆ. ಪೇಪರಿನಲ್ಲಿ ಸುತ್ತಿ, ಚಿನಕುರಳಿ ದಾರಿಯ ನಾಲೆಗೆ ಒಯ್ದು ಬಿಟ್ಟೆ. ಕೈ ಮುಗಿದೆ ಕೂಡ. ಅದನ್ನು ನೋಡಿದ ಯಾರೋ ದಾರಿಹೋಕರು ಸೈಕಲ್ ಇಳಿದು ತಾವೂ ಕೈ ಮುಗಿದು ಹೋದರು.

ಅಂಗಡಿಗೆ ಬಂದು ಕೂತಿದ್ದೇನೆ, ಫೋನು ಬಡಿದುಕೊಂಡಿತು. ಉಡುಪಿಯ ಎಸ್‌ಟಿಡಿ ಬೂತಿನಿಂದ ಗೆಳೆಯ.

"ಲೇ, ಹುಳ ಎಂಗದ್ಲಾ?"

ಹೇಳಬೇಕಾಗಿದ್ದ ಗಳಿಗೆ ಅದು. ಬಾಯಿ ತೆಗೆದೆ. ಮೂವತ್ತು ವರ್ಷ ಸುಳ್ಳು ಹೇಳಿ ಪಳಗಿದ ನಾಲಿಗೆ, ಅದರ ಪಾಡಿಗೆ ಅದು ಹೊರಟಿತು.

"ರಾಜನಂಗದೆ. ನಿನ್ ಜೊತೇಲಿ ಮಾತಾಡ್ಬೇಕಂತೆ. ತಡಿ, ಅದ್ರ ಕೈಗೇ ಕೊಡ್ತೀನಿ."

ಮೇಜಿನ ಮೇಲೆ ಸೋಡಾ ಕುಡಿದ ಸ್ಟ್ರಾ ಇತ್ತು. ನೀರಿನ ಲೋಟಕ್ಕೆ ಅದ್ದಿ ರಿಸೀವರ್ ಪಕ್ಕ ಇಟ್ಟುಕೊಂಡು ಬುಳುಬುಳು ಅಂತ ಊದಿದೆ. ಆ ಕಡೆಯಿಂದ ಗೆಳೆಯನ ನಗು. ಅಷ್ಟು ನಕ್ಕದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. "ತಾಳ್ಲಾ ತಾಳ್ಲಾ, ಇವಳ್ಗೂ ಕೇಳಿಸ್ತೀನಿ" ಅಂದ. ಮತ್ತೆ ಊದಿದೆ. ಈ ಸಲ ಊದುವಾಗ ಕೆಮ್ಮು ಬಂತು.

ಅವನ ಹೆಂಡತಿ ಕಳವಳದಿಂದ ಹೇಳಿದಳು: "ಅಣ್ಣಾ, ಅದುಕ್ಕೆ ನೆಗಡಿ ಆದಂಗದೆ. ತಣ್ಣೀರು ಕೊಡ್ಬೇಡಿ."

ಪಾಲಹಳ್ಳಿಯ ಔಷಧಿ

ಇನ್ನು ಎರಡು ದಿನದಲ್ಲಿ ಬರುತ್ತಾರೆ. ತೊಟ್ಟಿ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಪಾಲಹಳ್ಳಿಗೆ ಹೋದೆ. ಅಲ್ಲಿನ ಗೌಡರೊಬ್ಬರು ನನ್ನ ಹಳೇ ಗಿರಾಕಿ. ಗದ್ದೆ ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು.

"ಗೌಡ್ರೇ, ಒಂದು ಬಸವನಹುಳ ಬೇಕಿತ್ತು."

"ಯಾಕಪ್ಪಾ?"

ನಿಜ ಹೇಳಲು ಇನ್ನೊಂದು ಅವಕಾಶ. "ಔಷಧಿಗೆ" ಅಂದೆ.

ಗೌಡರು ಸುತ್ತಮುತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು. "ಮೂಲವ್ಯಾಧಿಯಾ? ರಕ್ತವೂ ಹೋಯ್ತದಾ?"

ನಮ್ಮ ಕಡೆ ಗದ್ದೆಯ ಬಸವನಹುಳು ಬೇಯಿಸಿ ತಿನ್ನುವುದು ಆ ಒಂದು ಕಾಯಿಲೆಗೆ ಅನ್ನುವುದು ನನಗೆ ಮರೆತೇಹೋಗಿತ್ತು. ಸುಳ್ಳು ನನ್ನದೇ, ನುಂಗಲೇಬೇಕು. ತಲೆಯಾಡಿಸಿದೆ. ಗೌಡರು ಅಯ್ಯೋ ಪಾಪ ಅಂದು ಪಂಪ್‌ಸೆಟ್ಟಿನ ಮನೆಯೊಳಗಿನಿಂದ ಮಂಕರಿ ತುಂಬ ಹುಳ ತಂದಿಟ್ಟರು. ನೋಡಿದರೆ ಅರ್ಧಕ್ಕರ್ಧ ಮುಚ್ಚಳ ಹಾಕಿಕೊಂಡಿವೆ.

"ಇವು ಸತ್ತೋಗವೆ ಗೌಡ್ರೇ."

"ಯಾರಪ್ಪ ಅಂದೋರು? ಬಾಕ್ಲಾಕ್ಕಂಡು ಮನಗವೆ. ನೀರು ಕೆಟ್ರೆ ಇಂಗೇಯ. ಬೇಸ್ಗೇಲಿ ಗದ್ದೆ ಒಣುಗ್ದಾಗ ತಿಂಗ್ಳಾನುಗಟ್ಲೆ ಮಣ್ಣಲ್ಲಿ ಇದ್ದು, ನೀರು ಬುಟ್ಟೇಟ್ಗೆ ಎದ್ದೋಯ್ತವೆ."

ಹಾಗಾದರೆ ಅದು ಸತ್ತಿರಲಿಲ್ಲ. ನಾನು ಕೈಮುಗಿದು ನಾಲೆಗೆ ಬಿಟ್ಟದ್ದು ಜೀವಂತ ಹುಳ. ಒಂದು ಬಕೆಟ್ಟು ಒಳ್ಳೆಯ ನೀರು ಹಾಕಿದ್ದರೆ ಬಾಗಿಲು ತೆಗೆಯುತ್ತಿತ್ತು. ಆ ಸಂಜೆ ಚಿನಕುರಳಿ ದಾರಿಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಕತ್ತಲಾಗುವವರೆಗೆ ನಾಲೆಯಲ್ಲಿ ತಡಕಿದೆ. ಒಂದು ಹವಾಯಿ ಚಪ್ಪಲಿ ಸಿಕ್ಕಿತು.

ಗೌಡರು ಒಳ್ಳೆಯವರು, ಗುಟ್ಟನ್ನು ಯಾರಿಗೂ ಹೇಳಲಿಲ್ಲ, ಕೇಳಿದವರಿಗೆ ಮಾತ್ರ ಹೇಳಿದರು. ಮುಂದಿನ ವಾರ ಕೆ.ಆರ್. ಪೇಟೆಯಿಂದ ಮೋಟರು ತಂದ ಗಿರಾಕಿ ಅಂಗಡಿಯ ಬಾಗಿಲಲ್ಲೇ ಕೈಯಡ್ಡ ಹಿಡಿದ: "ಕೂತ್ಕಬೇಡಿ ಅಣ್ಣ, ಕೂತ್ಕಬೇಡಿ. ನಾವೂ ನಿಂತ್ಕಂಡೇ ಮಾತಾಡ್ತೀವಿ."

ಬಂದು ನೋಡಿದ

ಗೆಳೆಯ ಬಂದ. ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಹತ್ತಿರ ಹೋದ. ಮಂಕರಿಯಲ್ಲಿ ಹುಡುಕಿ ಹುಡುಕಿ, ಅದೇ ಗಾತ್ರ ಅದೇ ಬಣ್ಣದ್ದನ್ನು ಆರಿಸಿ ಬಿಟ್ಟಿದ್ದೆ. ಅವನು ಅಂಗಿಯ ತೋಳು ಮಡಿಸಿ, ಹುಳವನ್ನು ಮೇಲೆತ್ತಿ, ಮಗುಚಿ ನೋಡಿ, ಮೆಲ್ಲಗೆ ನೀರಿಗೆ ಬಿಟ್ಟ.

ಒದ್ದೆ ಕೈ ಒರೆಸಿಕೊಂಡ. ಆಮೇಲೆ ಅಂದ: "ಚೆನ್ನಾಗಿ ನೋಡ್ಕಂಡಿದೀಯ ಕಣ್ಲಾ."

ಗೋಕರ್ಣದ ಪ್ರಸಾದ ಕೊಟ್ಟ. ನಾನು ಕಣ್ಣಿಗೊತ್ತಿಕೊಂಡು ತಿಂದೆ. ಇಂಥ ಕೆಲಸ ಮಾಡಿ ದೇವರ ಪ್ರಸಾದ ಜೀರ್ಣಿಸಿಕೊಂಡ ಹೊಟ್ಟೆಗೆ ಮೂಲವ್ಯಾಧಿ ಇಲ್ಲ ಅಂದರೆ ಯಾರು ನಂಬುತ್ತಾರೆ?

ಟೆಂಪೋ

ಆಮೇಲಿನ ಎರಡು ದಸರಾಕ್ಕೂ ಅವನು ಊರಿಗೆ ಹೊರಟಾಗ ಕೀ ನನ್ನ ಕೈಗೇ ಕೊಟ್ಟ. ನಾನು ಅವ್ವನಿಂದ ಮುದ್ದೆ, ಅಪ್ಪನಿಂದ ವಿಭೂತಿ, ಎರಡನ್ನೂ ತಡೆದು, ಅಳೆದು ಅಳೆದು ಸೌತೆಬಿಲ್ಲೆ ಹಾಕಿದೆ. ಅವನು ಕೀ ಚಾಚಿದಾಗಲೆಲ್ಲ ಈಗ ಹೇಳಿಬಿಡೋಣ ಅನ್ನಿಸುತ್ತಿತ್ತು. ನಂಬಿಕೆ ಇಟ್ಟವನ ಮುಂದೆ ಬಾಯಿ ತೆರೆಯುವುದು ಎಷ್ಟು ಕಷ್ಟ ಅನ್ನುವುದು ನಂಬಿಕೆ ಮುರಿದವನಿಗೇ ಗೊತ್ತು.

ಮೂರನೆಯ ವರ್ಷ ಅವನಿಗೆ ನಾಗಮಂಗಲಕ್ಕೆ ವರ್ಗವಾಯಿತು. ಸಾಮಾನು ಟೆಂಪೋಗೆ ಏರಿತು. ಅವನು ಮುಂದಿನ ಸೀಟಿನಲ್ಲಿ ನೀರಿನ ಡಬ್ಬಿಯೊಳಗೆ ಹುಳ ಇಟ್ಟುಕೊಂಡು ಕೂತ, ಪಕ್ಕದಲ್ಲಿ ಹೆಂಡತಿ. ಡ್ರೈವರು ಗಾಡಿ ಶುರು ಮಾಡಿದ. ಇನ್ನು ಆಗುವುದಿಲ್ಲ ಅನ್ನಿಸಿ ಕಿಟಕಿ ಹಿಡಿದುಕೊಂಡೆ.

"ಲೇ, ಒಂದ್ಮಾತು. ಅದು ನಿನ್ ಹುಳ ಅಲ್ಲ ಕಣ್ಲಾ."

"ಗೊತ್ತು."

"ಏನ್ ಗೊತ್ತು?"

"ಧರ್ಮಸ್ಥಳಕ್ಕೆ ಹೋಗೋ ದಿನವೇ ಚಿಪ್ಪಿನ ತಳುಕ್ಕೆ ಕೆಂಪು ಪೇಂಟಲ್ಲಿ ಒಂದು ಚುಕ್ಕಿ ಮಡುಗಿದ್ದೆ. ನಿನ್ ಕೈಗೆ ಕೀ ಕೊಡೋನು ಅಷ್ಟೂ ಮಾಡ್ಕಳ್ದೆ ಇರ್ತೀನಾ? ಬಂದು ಎತ್ತಿ ನೋಡುದ್ರೆ ಚುಕ್ಕಿ ಇರ್ನಿಲ್ಲ."

"ಮತ್ಯಾಕ್ಲಾ ಕೇಳ್ನಿಲ್ಲ ನನ್ನ?"

"ನೀನಾಗೇ ಹೇಳ್ತೀಯ ಅಂತ ಕಾದೆ ಕಣ್ಲಾ. ಸಂಜೆ ಹೇಳ್ತೀಯ ಅಂದ್ಕಂಡೆ. ದೀಪಾವಳಿಗೆ ಹೇಳ್ತೀಯ ಅಂದ್ಕಂಡೆ. ಮೂರು ವರ್ಸ ಆಯ್ತು."

ನಾಲ್ಕು ತಾಲ್ಲೂಕಿನಲ್ಲಿ ಯಾರಿಗೂ ಬಗ್ಗದ ತಲೆ ಟೆಂಪೋ ಕಿಟಕಿಯ ಮುಂದೆ ಬಗ್ಗಿತು. ಹೇಗೋ ಮಾಡಿ ಕೇಳಿದೆ: "ಗೊತ್ತಿದ್ದೂ ಆಮೇಲೆ ಎರಡು ಸಲ ನನ್ ಕೈಗೇ ಕೀ ಕೊಟ್ಟಲ್ಲ, ಯಾಕೆ?"

"ಇನ್ನೇನ್ಲಾ ಮಾಡ್ಲಿ?" ಅಂದ ಗೆಳೆಯ, ಡಬ್ಬಿಯ ನೀರು ಚೆಲ್ಲದ ಹಾಗೆ ಹಿಡಿದುಕೊಂಡು. "ಒಳ್ಳೇರ ಕೈಗೆ ಕೊಟ್ರೆ, ಸತ್ತೋಯ್ತು ಕಣಪ್ಪ ಅಂತ ನಿಜ ಹೇಳ್ಬುಟ್ಟು ಕೈ ತೊಳ್ಕಂಬುಡ್ತಾರೆ. ನಿನ್ ಕೈಗೆ ಕೊಟ್ರೆ ಏನೇ ಆಗೋಗ್ಲಿ, ನಾ ಬರೋ ಹೊತ್ಗೆ ತೊಟ್ಟೀಲಿ ಒಂದು ಹುಳ ಇದ್ದೇ ಇರ್ತದೆ!"

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಡ್ರೈವರು ನಕ್ಕ. ಟೆಂಪೋ ಹೋಯಿತು. ನಾನೂ ನಕ್ಕೆ, ಧೂಳು ಕಣ್ಣಿಗೆ ಬಿದ್ದಿತ್ತು.

ನೀವೂ ನಗ್ತಾ ಇದೀರಿ, ನಗಿ, ತಪ್ಪೇನಿಲ್ಲ. ಹಂಗೇ ಏಳುವಾಗ ನನ್ನ ಟೀ ದುಡ್ಡೂ ನೀವೇ ಕೊಟ್ಬುಡಿ.