ಕೋಟೆಯ ಚಿತ್ರದಲ್ಲಿ ಒಬ್ಬ ಹೆಂಗಸು

ಮಾತಾಡಲು ಯಾರಾದರೂ ಸಿಗಲಿ ಎಂದು ಜನ ಏನೇನೋ ಮಾಡುತ್ತಾರೆ. ನಾನು ನೆಲ ಅಗೆಯಲು ಹೋದೆ. ಇಂಗ್ಲೆಂಡಿನ ಶೆಫೀಲ್ಡಿಗೆ ಬಂದ ಮೇಲೆ ಮೇಲಿರುವ ಶಿವ ನನಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಬೆಚ್ಚಗಿನ ಮನೆ, ಬಾಗಿಲಿಗೇ ಬಸ್ಸು, ಅಪರೂಪಕ್ಕೆ ಮೆಂತ್ಯದ ಸೊಪ್ಪು. ಆದರೆ ನಮ್ಮ ಮನೆಯವರು ಆಸ್ಪತ್ರೆಯ ರೋಟಾದವರು, ಹಗಲೂ ರಾತ್ರಿಯೂ ಪಾಳಿ. ಮಗಳು ನಾನು ಏನೇ ಕೇಳಿದರೂ ‘ಫೈನ್’ ಎನ್ನುತ್ತಾಳೆ. ಹಾಗಾಗಿ ಊರಾಚೆಯ ಹಳೇ ಕೋಟೆಯ ಉತ್ಖನನಕ್ಕೆ ಸ್ವಯಂಸೇವಕರು ಬೇಕೆಂಬ ಚೀಟಿ ಲೈಬ್ರರಿಯಲ್ಲಿ ಕಂಡಾಗ ಹೆಸರು ಕೊಟ್ಟುಬಿಟ್ಟೆ.

“ಮನಿಯಾಗಿನ ಕಸಾ ಸಾಲಲಿಲ್ಲೇನು, ಒಂಬತ್ತು ನೂರು ವರ್ಷದ ಕಸಾ ತೆಗೀಲಿಕ್ಕೆ ಹೊಂಟೀ?” ಎಂದರು ಮನೆಯವರು.

ಕೋಟೆ ಎಂದರೆ ನಾನು ಕಲ್ಲಿನ ಬುರುಜು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಜೋಳದ ರಾಶಿಯಂಥ ಮಣ್ಣಿನ ದಿಬ್ಬ, ಅದರ ಬುಡಕ್ಕೊಂದು ಅಂಗಳ, ಅಂಗಳದ ತುಂಬ ಕುರಿಹಿಕ್ಕೆ. ಒಂದು ಕಾಲಕ್ಕೆ ದಿಬ್ಬದ ಮೇಲೆ ಮರದ ಗೋಪುರವಿತ್ತಂತೆ, ಕೆಳಗೆ ಆಳುಕಾಳು, ಕುದುರೆಲಾಯ. ಅದನ್ನೆಲ್ಲ ಚಿತ್ರ ಬರೆಯಲು ಮಾರ್ಗರೆಟ್ ಎಂಬ ಹಿರಿಯರಿದ್ದರು. ಬಲು ಕಟ್ಟುನಿಟ್ಟು. ಕಂಬದ ಗುಳಿ ಸಿಕ್ಕರೆ ಕಂಬ, ಸುಟ್ಟ ಮಣ್ಣು ಸಿಕ್ಕರೆ ಒಲೆ; ನೆಲ ಕೊಡದ್ದನ್ನು ಅವರ ಪೆನ್ಸಿಲ್ ಕೊಡುವುದಿಲ್ಲ. ಬಾಣದ ಮೊನೆ, ಲಾಳ ಸಿಕ್ಕಿದ್ದರಿಂದ ಚಿತ್ರದ ತುಂಬ ಗಂಡಸರು, ಕುದುರೆಗಳು. ಇಷ್ಟು ಜನಕ್ಕೆ ಬೇಯಿಸಿ ಹಾಕುವವರಾರು ಎಂದು ಕೇಳಿದ್ದಕ್ಕೆ, ಪುರಾವೆ ತೋರಿಸು ಎಂದರು.

ಒಂದು ಶನಿವಾರ ನನ್ನ ಕರಣೆಗೆ ನಡುವೆ ತೂತಿದ್ದ ಕಲ್ಲಿನ ಬಿಲ್ಲೆ ತಾಕಿತು. ನೂಲುವ ಕದಿರಿಗೆ ಭಾರಕ್ಕೆಂದು ಸಿಕ್ಕಿಸುವುದಂತೆ. ಮಾರ್ಗರೆಟ್ ಅದನ್ನು ಅಳೆದು, ರಂಗೋಲಿಗಿಂತ ಸಣ್ಣ ಚುಕ್ಕಿಯಿಟ್ಟು ಬರೆದುಕೊಂಡರು; ಆಮೇಲೆ ಒಲೆಯ ಪಕ್ಕ ಒಬ್ಬ ಹೆಂಗಸನ್ನು ಕೂರಿಸಿದರು. ಕೋಟೆ ಕಟ್ಟಿದವರು ಕಡಲಾಚೆಯವರು, ಇವಳೂ ಗಂಡನ ಹಿಂದೆ ಬಂದವಳಿರಬಹುದು ಎಂದರು. ಅವಳು ಕದಿರು ಹಿಡಿದು ಬೇಲಿಯಾಚೆ ನೋಡುತ್ತಿದ್ದಳು. ನಾನು ಅವಳ ಪಕ್ಕದ ಖಾಲಿ ಜಾಗಕ್ಕೆ ಬೆರಳಿಟ್ಟೆ.

“ಪಕ್ಕದಲ್ಲಿ ಇನ್ನೊಬ್ಬಳನ್ನು ಕೂರಿಸಿ. ಒಬ್ಬಳೇ ಯಾರ ಹತ್ತಿರ ಮಾತಾಡ್ತಾಳೆ?”

“ಇನ್ನೊಂದು ಬಿಲ್ಲೆ ಹುಡುಕಿಕೊಡು, ಕೂರಿಸ್ತೀನಿ.”

ಉತ್ಖನನ ಮುಗಿಯಲು ವಾರವಷ್ಟೇ ಉಳಿದಿತ್ತು. ಪೂಜೆಯಲ್ಲಿ ಮಗಳ ಪರೀಕ್ಷೆ, ಮಾರ್ಟ್‌ಗೇಜು ಎಲ್ಲ ಬಿಟ್ಟು, ಚಿತ್ರದ ಆ ಹೆಂಗಸಿಗೊಬ್ಬ ಜೊತೆಗಾತಿಯನ್ನು ಕೊಡು ಶಿವನೇ ಎಂದೇ ಬೇಡಿದೆ. ಬಿಲ್ಲೆ ಸಿಗಲಿಲ್ಲ. ಕೊನೆಯ ದಿನ ಮಾರ್ಗರೆಟ್ಟೇ ಪೆನ್ಸಿಲ್ ಬದಿಗಿಟ್ಟು ನನ್ನ ಜೊತೆ ಮಣ್ಣು ಜರಡಿ ಹಿಡಿಯಲು ಕೂತರು. ಅವರು ತೀರಿಹೋದ ಗಂಡನ ಸುದ್ದಿ ತೆಗೆದರು, ನಾನು ಧಾರವಾಡದ ಅಕ್ಕನ ಸುದ್ದಿ. ಕತ್ತಲಾಯಿತು, ಉಳಿದವರು ಗುಂಡಿ ಮುಚ್ಚಿಬಿಟ್ಟರು.

ಬಸ್ಸಿನಲ್ಲಿ ಕೂತ ಮೇಲೆ ದವಡೆ ನೋಯುತ್ತಿರುವುದು ಗೊತ್ತಾಯಿತು. ಅಷ್ಟು ಮಾತಾಡಿದ್ದೆ. ಆ ಹೆಂಗಸು ಮಾತ್ರ ಬೇಲಿಯಾಚೆ ನೋಡುತ್ತ ಒಬ್ಬಳೇ ಉಳಿದಳು. ಅವಳಿಗೆಂದು ಬೇಡಿದ್ದನ್ನು ನಾನೇ ತಿಂದು ಕೂತಿದ್ದೆ.